ಕಟಿಂಗ್ ಶಾಪಿಗೆ ಲೈಸೆನ್ಸ್ ಬೇಕು, ಮನೆ ಕಟ್ಟೋಕೆ ಬೇಡ!

ಒಂದು ಸಣ್ಣ ಕ್ವಿಜ್‌ನಿಂದ ಶುರು ಮಾಡೋಣ. ರಾಜಾಜಿನಗರದಲ್ಲಿ ಕಟಿಂಗ್ ಶಾಪ್ ಇಡೋಕೆ ಏನು ಬೇಕು? ಪಾಲಿಕೆಯ ಟ್ರೇಡ್ ಲೈಸೆನ್ಸ್. ಬಸವೇಶ್ವರನಗರದಲ್ಲಿ ಪಾನಿಪುರಿ ಗಾಡಿ ಹಾಕೋಕೆ? 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ನೋಂದಣಿ. ವಿಜಯನಗರದಲ್ಲಿ ಆಟೋ ಓಡಿಸೋಕೆ? ಡಿಎಲ್ಲು, ಪರ್ಮಿಟ್ಟು. ಸರಿ, ಕೊನೇ ಪ್ರಶ್ನೆ. ಕೆಂಗೇರಿಯಲ್ಲಿ 30x40 ಸೈಟಿನ ಮೇಲೆ ಮೂರು ಅಂತಸ್ತಿನ ಮನೆ ಕಟ್ಟಿಕೊಡುವ ಕಾಂಟ್ರ್ಯಾಕ್ಟರ್ ಆಗೋಕೆ ಏನು ಬೇಕು?

ಒಂದು ವಿಸಿಟಿಂಗ್ ಕಾರ್ಡು. ಅಷ್ಟೇ.

ಉತ್ಪ್ರೇಕ್ಷೆ ಅನ್ನಬೇಡಿ. ಖಾಸಗಿ ಮನೆ ಕಟ್ಟುವವನು ಪರೀಕ್ಷೆ ಬರೆದು, ಅನುಭವ ತೋರಿಸಿ, ಠೇವಣಿ ಇಟ್ಟು ಪಡೆಯಬೇಕಾದ ಲೈಸೆನ್ಸ್ ಅನ್ನೋದು ನಮ್ಮ ರಾಜ್ಯದಲ್ಲಿ ಇಲ್ಲವೇ ಇಲ್ಲ. ನಿನ್ನೆ ಟೈಲ್ಸ್ ಅಂಗಡಿ ಇಟ್ಟಿದ್ದವನು ಇವತ್ತು "ಬಿಲ್ಡರ್ಸ್ ಅಂಡ್ ಡೆವಲಪರ್ಸ್" ಅಂತ ಬೋರ್ಡು ಹಾಕಬಹುದು. ಯಾರೂ ಕೇಳಲ್ಲ. ಒಬ್ಬ ಮನುಷ್ಯ ಮೂವತ್ತು ವರ್ಷ ದುಡಿದ ಪಿಎಫ್ಫು, ಗ್ರಾಚುಯಿಟಿ, ಹೆಂಡತಿಯ ಒಡವೆ, ಮಗನ ಇಪ್ಪತ್ತು ವರ್ಷದ ಹೋಮ್ ಲೋನು ಎಲ್ಲವನ್ನೂ ಇಂಥವನ ಕೈಗೆ ಕೊಡ್ತಾನೆ. ಕೊಡೋಕೆ ಮುಂಚೆ ವಿಚಾರಿಸೋದು ಒಂದೇ: "ಅವರು ನಮ್ಮ ಶ್ರೀನಿವಾಸಣ್ಣನ ಕಡೆಯೋರಂತೆ ಕಣೋ, ನಂಬಿಕಸ್ಥರು."

ಇದಕ್ಕಿಂತ ದೊಡ್ಡ ತಮಾಷೆ "ಲೈಸೆನ್ಸ್ಡ್ ಕಾಂಟ್ರ್ಯಾಕ್ಟರ್" ಅಂತ ಹೇಳಿಕೊಳ್ಳುವವರದ್ದು. ನಮ್ಮ ಕಡೆ ಗೋಡೆಗೋಡೆಯ ಮೇಲೆ, ಲೈಟು ಕಂಬಗಳ ಮೇಲೆ ಆ ಪದ ಕಾಣುತ್ತೆ. ಯಾವ ಲೈಸೆನ್ಸು ಸ್ವಾಮಿ ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ತೋರಿಸ್ತಾರೆ.

ಮೊದಲನೆಯದು "ಗೌರ್ಮೆಂಟ್ ಕ್ಲಾಸ್ ಒನ್ ಕಾಂಟ್ರ್ಯಾಕ್ಟರ್". ಇದು ಲೋಕೋಪಯೋಗಿ ಇಲಾಖೆಯ ನೋಂದಣಿ. ಸರ್ಕಾರಿ ಟೆಂಡರ್ ಹಾಕೋಕೆ ಇರೋದು. ಯಾವ ದರ್ಜೆಯವರು ಎಷ್ಟು ಮೊತ್ತದ ಕೆಲಸಕ್ಕೆ ಟೆಂಡರ್ ಹಾಕಬಹುದು ಅಂತ ಅದು ಹೇಳುತ್ತೆ. ರಸ್ತೆಗೆ ಡಾಂಬರು ಹಾಕಿದವನೂ, ಚರಂಡಿ ಕಟ್ಟಿದವನೂ ಅದನ್ನು ಪಡೀಬಹುದು. ನಿಮ್ಮ ಮನೆ ಸೋರಿದರೆ ಲೋಕೋಪಯೋಗಿ ಇಲಾಖೆ ಬಂದು ಕೇಳಲ್ಲ, ಅದು ಅದರ ಕೆಲಸವೂ ಅಲ್ಲ.

ಎರಡನೆಯದು ಜಿಎಸ್‌ಟಿ ನಂಬರು. ಅದು ತೆರಿಗೆ ಕಟ್ಟುವವರ ಗುರುತು, ಅಷ್ಟೇ. ಪಾಯ ಎಷ್ಟು ಆಳ ತೆಗೀಬೇಕು ಅಂತ ಜಿಎಸ್‌ಟಿ ಆಫೀಸಿನಲ್ಲಿ ಯಾರೂ ಪರೀಕ್ಷೆ ಮಾಡಲ್ಲ.

ಮೂರನೆಯದು ನನಗೆ ತುಂಬಾ ಇಷ್ಟ. ಐಎಸ್‌ಒ 9001! ಸಾಫ್ಟ್‌ವೇರ್‌ನಲ್ಲಿರೋ ನಮಗೆ ಗೊತ್ತಿಲ್ವಾ ಇದರ ಮಹಿಮೆ? ಆಡಿಟ್ ಹಿಂದಿನ ದಿನ ಎಲ್ಲರೂ ಕೂತು ಡಾಕ್ಯುಮೆಂಟು ತುಂಬಿಸೋದು :-) ನೀವು ಬರೆದಿಟ್ಟ ಪದ್ಧತಿಯನ್ನು ನೀವು ಪಾಲಿಸ್ತೀರಾ ಅಂತ ಅದು ನೋಡುತ್ತೆ. ಕಂಬಿ ತುಕ್ಕು ಹಿಡಿದಿದೆಯಾ ಅಂತ ನೋಡಲ್ಲ.

ಈಗ ವಿಚಿತ್ರ ನೋಡಿ. ಅದೇ ಮನೆಗೆ ವೈರಿಂಗ್ ಮಾಡಿಸಿ ಬೆಸ್ಕಾಂ ಮೀಟರ್ ಹಾಕಿಸಬೇಕಾದ್ರೆ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಸಹಿ ಬೇಕು. ನೀರಿನ ಕನೆಕ್ಷನ್‌ಗೆ ಜಲಮಂಡಳಿಯ ಲೈಸೆನ್ಸ್ ಇರೋ ಪ್ಲಂಬರ್ ಇದ್ದಾರೆ. ಆರ್ಕಿಟೆಕ್ಟ್ ಅಂತ ಹೆಸರಿಗೆ ಹಾಕಿಕೊಳ್ಳೋಕೆ 1972ರ ಕಾಯ್ದೆ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು. ಅಂದ್ರೆ ಸ್ವಿಚ್ಚಿಗೊಬ್ಬ, ನಲ್ಲಿಗೊಬ್ಬ, ನಕ್ಷೆಗೊಬ್ಬ ಉತ್ತರ ಹೇಳೋನಿದ್ದಾನೆ. ಇವೆಲ್ಲವನ್ನೂ ಹೊತ್ತು ನಿಲ್ಲಬೇಕಾದ ಪಾಯ, ಪಿಲ್ಲರ್, ಬೀಮು, ಸ್ಲ್ಯಾಬಿಗೆ ಮಾತ್ರ ಯಾರೂ ಇಲ್ಲ. 2024ರಲ್ಲಿ ಬಿಬಿಎಂಪಿ "ನಂಬಿಕೆ ನಕ್ಷೆ" ತಂತು. ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಮೂಲಕ ಸಣ್ಣ ಸೈಟಿನ ಪ್ಲಾನ್ ಬೇಗ ಸಿಗೋ ವ್ಯವಸ್ಥೆ. ಒಳ್ಳೇದೇ. ನಕ್ಷೆಗೆ ನಂಬಿಕೆ ಬಂತು, ಕಟ್ಟುವವನ ಮೇಲೆ?

"ಯಾಕಪ್ಪಾ, ರೇರಾ ಇದೆಯಲ್ಲ" ಅಂತ ನಮ್ಮ ಆಫೀಸಿನಲ್ಲೇ ಎಷ್ಟೋ ಜನ ಅಂದ್ಕೊಂಡಿದ್ದಾರೆ. 2016ರ ರೇರಾ ಕಾಯ್ದೆಯನ್ನು ಒಮ್ಮೆ ಓದಿ. 500 ಚದರ ಮೀಟರ್ ಮೀರದ ಜಾಗ ಅಥವಾ 8 ಮನೆ ಮೀರದ ಯೋಜನೆಗೆ ನೋಂದಣಿಯೇ ಬೇಕಿಲ್ಲ. 30x40 ಸೈಟು ಅಂದ್ರೆ 1200 ಚದರಡಿ, ಸುಮಾರು 111 ಚದರ ಮೀಟರ್. ಅದೂ ಬಿಡಿ, ರೇರಾ ಇರೋದು ಕಟ್ಟಿ ಮಾರುವವರ ಮೇಲೆ. ನಮ್ಮ ಜಾಗದಲ್ಲಿ ನಮಗೆ ಮನೆ ಕಟ್ಟಿಕೊಡುವ ಕಾಂಟ್ರ್ಯಾಕ್ಟರ್ ಅದರ ಲೆಕ್ಕಕ್ಕೇ ಬರಲ್ಲ. ಫ್ಲ್ಯಾಟ್ ಕೊಂಡವನಿಗೆ ಕಟ್ಟಡದ ಗಟ್ಟಿತನದಲ್ಲಿ ದೋಷ ಕಂಡರೆ 5 ವರ್ಷದೊಳಗೆ ಬಿಲ್ಡರ್ ತನ್ನ ಖರ್ಚಲ್ಲಿ ಸರಿ ಮಾಡಿಕೊಡಬೇಕು ಅಂತ ಕಾಯ್ದೆ ಹೇಳುತ್ತೆ. ಸ್ವಂತ ಮನೆ ಕಟ್ಟಿಸಿದವನಿಗೆ ಆ 5 ವರ್ಷವೂ ಇಲ್ಲ. ವೈಟ್‌ಫೀಲ್ಡ್‌ನ ಫ್ಲ್ಯಾಟಿನವನಿಗೆ ಒಂದು ನ್ಯಾಯ, ನಾಗರಭಾವಿಯ ಸ್ವಂತ ಮನೆಯವನಿಗೆ ಇನ್ನೊಂದು ನ್ಯಾಯ!

ಇನ್ನು ಓಸಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬೇಡಿ ಅಂತು. ಬೆಂಗಳೂರಿನಲ್ಲಿ ಸಾವಿರಾರು ಜನ ಮನೆ ಕಟ್ಟಿ ಮೀಟರ್ ಇಲ್ಲದೆ ಕೂತರು. 2025ರಲ್ಲಿ ರಾಜ್ಯ ಸರ್ಕಾರ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದಲೇ ವಿನಾಯಿತಿ ಕೊಡ್ತು. ಜನರಿಗೆ ಉಸಿರು ಬಂತು, ನಾನು ಬೇಡ ಅನ್ನಲ್ಲ. ಆದರೆ ಏನಾಯ್ತು ನೋಡಿ. ಕಟ್ಟುವವನಿಗೆ ಮೊದಲೇ ಪರೀಕ್ಷೆ ಇರಲಿಲ್ಲ, ಈಗ ಕಟ್ಟಿದ್ದಕ್ಕೂ ಪರೀಕ್ಷೆ ಇಲ್ಲ. ಅತಿ ಹೆಚ್ಚು ಜನ ಕಟ್ಟಿಸೋದು 30x40ರಲ್ಲಿ, 20x30ರಲ್ಲಿ. ಅಲ್ಲೇ ಎರಡೂ ಬಾಗಿಲು ತೆಗೆದಿಟ್ಟಿದ್ದೀವಿ.

"ಕಾಂಟ್ರ್ಯಾಕ್ಟರ್ ಸರಿ ಇಲ್ಲದಿದ್ರೆ ಇನ್ನೊಬ್ಬನ ಹತ್ರ ಹೋಗು, ಮಾರ್ಕೆಟ್ ನೋಡ್ಕೊಳ್ಳುತ್ತೆ" ಅನ್ನೋ ಬುದ್ಧಿವಂತರೂ ಇದ್ದಾರೆ. ಹೋಟೆಲಿನಲ್ಲಿ ಇಡ್ಲಿ ಚೆನ್ನಾಗಿಲ್ಲ ಅಂದ್ರೆ ನಾಳೆ ಇನ್ನೊಂದು ಹೋಟೆಲು. ಮನೆ ಹಾಗಾ? ಜೀವಮಾನಕ್ಕೆ ಒಂದು ಸಲ ಕಟ್ಟಿಸೋ ಗಿರಾಕಿಗೆ ಮಾರ್ಕೆಟ್ ಯಾವ ಪಾಠ ಕಲಿಸುತ್ತೆ? ಅಷ್ಟೇ ಅಲ್ಲ, ಇಲ್ಲಿ ಮೋಸ ಕಣ್ಣಿಗೇ ಕಾಣಲ್ಲ. ಕಾಂಕ್ರೀಟು ಕ್ಯೂರಿಂಗ್ ಎಷ್ಟು ದಿನ ಆಗಬೇಕು ಅಂತ ಐಎಸ್ 456ರಲ್ಲಿ ಬರೆದಿದೆ. ಮಾಮೂಲಿ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ. ನಮ್ಮಲ್ಲಿ ಮೂರನೇ ದಿನಕ್ಕೇ ಗೋಣಿಚೀಲ ಒಣಗಿರುತ್ತೆ. ಕಂಬಿಯ ಸುತ್ತ ಇಷ್ಟು ಕಾಂಕ್ರೀಟು ಇರಬೇಕು ಅಂತಿದೆ, ಪಿಲ್ಲರಿಗೆ 40 ಮಿಲಿಮೀಟರ್. ಕವರ್ ಬ್ಲಾಕ್ ಇಡೋ ಬದಲು ಕೈಗೆ ಸಿಕ್ಕ ಜಲ್ಲಿ ಚೂರು ಇಟ್ಟು ಮೋಲ್ಡ್ ಹಾಕಿಬಿಡ್ತಾರೆ. ಮೇಲೆ ಪ್ಲಾಸ್ಟರಿಂಗ್, ಪುಟ್ಟಿ, ಪೇಂಟು. ಗೃಹಪ್ರವೇಶದ ದಿನ ಎಲ್ಲಾ ಮನೆಯೂ ಚೆಂದವೇ! ಐದಾರು ಮಳೆಗಾಲ ಕಳೆದ ಮೇಲೆ ಕಂಬಿ ತುಕ್ಕು ಹಿಡಿದು ಉಬ್ಬಿ ಸಿಮೆಂಟು ಉದುರೋಕೆ ಶುರುವಾದಾಗ ಕಾಂಟ್ರ್ಯಾಕ್ಟರ್ ಫೋನ್ ನಂಬರು ಅಸ್ತಿತ್ವದಲ್ಲೇ ಇರಲ್ಲ. ನಮ್ಮ ಕೋಡಿನಲ್ಲಿ ಬಗ್ ಇದ್ರೆ ರಾತ್ರಿ ಕೂತು ಪ್ಯಾಚ್ ಮಾಡಬಹುದು. ಪಿಲ್ಲರಿಗೆ ಪ್ಯಾಚ್ ಎಲ್ಲಿಂದ ತರ್ತೀರಿ?

ಇದು ಬರೀ ದುಡ್ಡಿನ ವಿಷಯವಲ್ಲ. 1983ರಲ್ಲಿ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು, ನಮ್ಮ ಅಪ್ಪ ಅಮ್ಮನ ತಲೆಮಾರಿಗೆ ಅದು ಇನ್ನೂ ನೆನಪಿದೆ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಲಕ್ಕಸಂದ್ರ, ಅಕ್ಟೋಬರ್‌ನಲ್ಲಿ ಕಸ್ತೂರಿನಗರ. ಅದೇ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಕಮಲಾನಗರದಲ್ಲಿ ನಾಲ್ಕಂತಸ್ತಿನ ಕಟ್ಟಡ ವಾಲಿ, ಜನರನ್ನು ಹೊರಗೆ ಕಳಿಸಿ ಅದನ್ನು ಕೆಡವಿದರು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಬಿದ್ದು 9 ಜನ ಹೋದರು. ಅವರು ಅಲ್ಲಿ ದುಡಿಯೋಕೆ ಬಂದವರು. ಕಾಂಟ್ರ್ಯಾಕ್ಟರ್ ಯಾರು, ಹಿಂದೆ ಏನು ಕಟ್ಟಿದ್ದ ಅನ್ನೋದನ್ನು ಕಟ್ಟಡ ಬಿದ್ದ ಮೇಲೆ ಪೊಲೀಸರು ಹುಡುಕಬೇಕಾದ ಊರು ನಮ್ಮದು. ಮೊದಲೇ ಹುಡುಕಿ ನೋಡೋಕೆ ಒಂದು ಪಟ್ಟಿಯೇ ಇಲ್ಲ.

ನಮ್ಮ ಚಿಕ್ಕಪ್ಪನ ಕಥೆ ಇಲ್ಲಿ ಹೇಳಬೇಕು. ಅತ್ತಿಗುಪ್ಪೆ ಕಡೆ ಹಳೇ ಹೆಂಚಿನ ಮನೆ ಕೆಡವಿ ಕಟ್ಟಿಸೋಕೆ ಹೊರಟರು. 100 ರೂಪಾಯಿ ಸ್ಟ್ಯಾಂಪ್ ಪೇಪರ್ ಮೇಲೆ ಒಂದೂವರೆ ಪುಟದ ಅಗ್ರಿಮೆಂಟು. ಅದರಲ್ಲಿ "ಉತ್ತಮ ಗುಣಮಟ್ಟದ ಸಾಮಗ್ರಿ ಬಳಸತಕ್ಕದ್ದು" ಅಂತ ಒಂದು ಸಾಲು. ಯಾವ ಕಂಬಿ, ಎಷ್ಟು ಟನ್ನು, ಯಾವ ಸಿಮೆಂಟು, ಏನೂ ಇಲ್ಲ. ಎರಡನೇ ಮೋಲ್ಡ್ ಆದ ಮೇಲೆ "ಸ್ಟೀಲ್ ರೇಟ್ ಜಾಸ್ತಿ ಆಯ್ತು ಸಾರ್, ಇನ್ನು ನಾಲ್ಕು ಲಕ್ಷ ಹಾಕಿ" ಅಂದ ಕಾಂಟ್ರ್ಯಾಕ್ಟರ್. ಚಿಕ್ಕಪ್ಪ ಆಗಲ್ಲ ಅಂದ್ರು. ಮಾರನೇ ದಿನದಿಂದ ಕೆಲಸದವರು ಬರಲಿಲ್ಲ. ಏಳು ತಿಂಗಳು ಬಾಡಿಗೆ ಒಂದು ಕಡೆ, ಬ್ಯಾಂಕಿನ ಬಡ್ಡಿ ಇನ್ನೊಂದು ಕಡೆ. ಸ್ಟೇಷನ್ನಿಗೆ ಹೋದ್ರೆ "ಇದು ಸಿವಿಲ್ ಮ್ಯಾಟ್ರು, ಕೋರ್ಟಿಗೆ ಹೋಗಿ". ಅರ್ಧ ಕಟ್ಟಿದ ಮನೆಯನ್ನು ಮುಂದುವರಿಸೋಕೆ ಬಂದ ಬೇರೆ ಕಾಂಟ್ರ್ಯಾಕ್ಟರ್‌ಗಳೆಲ್ಲ ಮೊದಲು ತಲೆ ಅಲ್ಲಾಡಿಸೋದು, ಆಮೇಲೆ ಡಬಲ್ ರೇಟು ಹೇಳೋದು. ಆ ಏಳು ತಿಂಗಳಲ್ಲಿ ಚಿಕ್ಕಪ್ಪನಿಗೆ ಶುಗರ್ ಬಂತು. ಆ ಮಹಾಶಯ ಮಾತ್ರ ಎರಡು ಕ್ರಾಸ್ ಆಚೆ ಇನ್ನೊಂದು ಗುದ್ದಲಿ ಪೂಜೆಯಲ್ಲಿ ತೆಂಗಿನಕಾಯಿ ಒಡೀತಿದ್ದ. ಆ ಮನೆಯವರಿಗೆ ನಮ್ಮ ಕಥೆ ಗೊತ್ತಾಗೋಕೆ ದಾರಿಯೇ ಇರಲಿಲ್ಲ. ಇದೇ ನನ್ನ ವಾದದ ತಿರುಳು. ಮೋಸಗಾರರು ಎಲ್ಲಾ ಕಸುಬಿನಲ್ಲೂ ಇರ್ತಾರೆ. ಮೋಸದ ನೆನಪನ್ನೇ ಉಳಿಸಿಕೊಳ್ಳದ ಕಸುಬು ಇದೊಂದೇ.

ಗ್ರಾಹಕರ ಆಯೋಗ ಇದೆ, ನಿಜ. ಮನೆ ಕಟ್ಟಿಕೊಡೋದೂ "ಸೇವೆ" ಅಂತ 1993ರಲ್ಲೇ ಕಾಯ್ದೆಗೆ ಸೇರಿಸಿದ್ದಾರೆ, 2019ರ ಹೊಸ ಕಾಯ್ದೆಯಲ್ಲೂ ಇದೆ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. 3 ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿ ಬರೆದಿದೆ. ಬರೆದಿರೋದು :-( ಗೆದ್ದರೂ ವಸೂಲಿ ಯಾರಿಂದ? ಆಫೀಸಿಲ್ಲ, ಠೇವಣಿ ಇಲ್ಲ, ಕಂಪನಿ ಹೆಸರು ಬದಲಾಗಿದೆ.

ಹೊರಗಡೆ ಹೇಗಿದೆ? ನಮ್ಮಲ್ಲಿ ಅರ್ಧ ಜನರ ಗೆಳೆಯರು ಕ್ಯಾಲಿಫೋರ್ನಿಯಾದಲ್ಲೇ ಇದ್ದಾರೆ, ಕೇಳಿ ನೋಡಿ. ಅಲ್ಲಿ 1929ರಿಂದ ಕಾಂಟ್ರ್ಯಾಕ್ಟರುಗಳಿಗೆ ಒಂದು ಲೈಸೆನ್ಸ್ ಮಂಡಳಿ ಇದೆ. ನಾಲ್ಕು ವರ್ಷದ ಅನುಭವ ತೋರಿಸಬೇಕು, ಪರೀಕ್ಷೆ ಬರೀಬೇಕು. 2023ರಿಂದ 25,000 ಡಾಲರ್ ಬಾಂಡ್. ಜಾಹೀರಾತಿನಲ್ಲೂ ಅಗ್ರಿಮೆಂಟಿನಲ್ಲೂ ಲೈಸೆನ್ಸ್ ನಂಬರು ಹಾಕಬೇಕು. ಆ ನಂಬರು ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಿದ್ರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಬಾಂಡ್ ಇದೆಯಾ, ಶಿಸ್ತು ಕ್ರಮ ಆಗಿದೆಯಾ ನೋಡಬಹುದು. ಮನೆ ರಿಪೇರಿ, ರಿಮಾಡೆಲಿಂಗ್ ಕೆಲಸಕ್ಕೆ ಅಡ್ವಾನ್ಸ್ ಅಂತ 1,000 ಡಾಲರ್ ಅಥವಾ ಒಟ್ಟು ಹಣದ 10%, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟೇ ಕೇಳಬಹುದು. ಅಲ್ಲಿ ಮೋಸ ಇಲ್ಲ ಅಂತಲ್ಲ, ಧಾರಾಳವಾಗಿ ಇದೆ. ಆದರೆ ಮೋಸ ಮಾಡಿದವನಿಗೆ ಕಳಕೊಳ್ಳೋಕೆ ಏನೋ ಒಂದು ಇದೆ.

ಈಗ ಕಮೆಂಟಿನಲ್ಲಿ ಬರಬಹುದಾದ ಬಾಣಗಳಿಗೆ ಇಲ್ಲೇ ಉತ್ತರ ಕೊಟ್ಟುಬಿಡ್ತೀನಿ.

ಒಂದು: "ಲೈಸೆನ್ಸ್ ಅಂದ್ರೆ ಲಂಚ ತಿನ್ನೋಕೆ ಇನ್ನೊಂದು ಕೌಂಟರು." ಈ ಮಾತಿಗೆ ತೂಕ ಇದೆ. ಈಗಿರೋ ಲೈಸೆನ್ಸ್‌ಗಳಲ್ಲೂ ಸಹಿ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು ಅನ್ನೋದು ಯಾರಿಗೆ ಗೊತ್ತಿಲ್ಲ? ಅದಕ್ಕೇ ನಾನು ಕೇಳ್ತಿರೋದು ಗೋಡೆಗೆ ನೇತುಹಾಕೋ ಸರ್ಟಿಫಿಕೇಟ್ ಅಲ್ಲ, ಎಲ್ಲರೂ ನೋಡಬಹುದಾದ ಪಟ್ಟಿ. ಲಂಚ ಕೊಟ್ಟು ಸರ್ಟಿಫಿಕೇಟ್ ತಗೋಬಹುದು, ಆದರೆ ತಾನು ಕಟ್ಟಿದ ಮನೆಗಳ ವಿಳಾಸ, ತನ್ನ ಮೇಲೆ ಬಂದ ಆದೇಶ ಎಲ್ಲಾ ಬಹಿರಂಗವಾಗಿ ದಾಖಲಾದ್ರೆ ಬಚ್ಚಿಡೋದು ಅಷ್ಟು ಸುಲಭವಲ್ಲ.

ಎರಡು: "ಬಡ ಮೇಸ್ತ್ರಿಗಳ ಹೊಟ್ಟೆ ಮೇಲೆ ಹೊಡೀತೀರಾ?" ಇಲ್ಲ. ಡ್ರೈವಿಂಗ್ ಲೈಸೆನ್ಸ್‌ಗೆ ಡಿಗ್ರಿ ಕೇಳ್ತಾರಾ? ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿಗೆ ಎಷ್ಟೋ ಇಂಜಿನಿಯರಿಗಿಂತ ಹೆಚ್ಚು ಗೊತ್ತಿರುತ್ತೆ, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನೇ ಹೇಳ್ತಿದ್ದೀನಿ. ಅವನ ಅನುಭವಕ್ಕೆ ಒಂದು ಗುರುತು ಸಿಕ್ಕಿದ್ರೆ ಮೊದಲು ಉದ್ಧಾರ ಆಗೋದು ಅವನೇ. ಈಗ ಏನಾಗ್ತಿದೆ? ಒಳ್ಳೆ ಮೇಸ್ತ್ರಿ ಚದರಕ್ಕೆ ನ್ಯಾಯವಾದ ರೇಟು ಹೇಳ್ತಾನೆ, ಪಕ್ಕದಲ್ಲಿ ಕಾರಿನಿಂದ ಇಳಿದವನು ಅದಕ್ಕಿಂತ ಕಮ್ಮಿ ಹೇಳಿ ಕೆಲಸ ಹೊಡ್ಕೊಂಡು, ಆಮೇಲೆ ಕಂಬಿಯಲ್ಲಿ ಕದೀತಾನೆ. ಗುರುತಿಲ್ಲದ ಕಡೆ ಪ್ರಾಮಾಣಿಕನೇ ದುಬಾರಿ ಕಾಣ್ತಾನೆ.

ಮೂರು: "ಈಗ ಆಪ್ ಮಾಡಿರೋ ಕಂಪನಿಗಳಿವೆ, ಪ್ಯಾಕೇಜು ತಗೊಂಡ್ರೆ ಮುಗೀತು." ಬೇಸಿಕ್, ಪ್ರೀಮಿಯಂ, ರಾಯಲ್ ಅಂತ ಚದರಡಿ ಲೆಕ್ಕದ ಪ್ಯಾಕೇಜು ನೋಡೋಕೆ ಚೆಂದ. ಕೆಳಗೆ ಸಣ್ಣಕ್ಷರದಲ್ಲಿ ಸಂಪು ಬೇರೆ, ಕಾಂಪೌಂಡು ಬೇರೆ, ಎಲಿವೇಷನ್ ಬೇರೆ. ಮೇಲೆ ಆಪ್ ಇದ್ರೂ ಕೆಳಗೆ ಸೈಟಿನಲ್ಲಿ ಸೆಂಟ್ರಿಂಗ್ ಹೊಡೆಯೋದು ಅದೇ ಸಬ್ ಕಾಂಟ್ರ್ಯಾಕ್ಟರ್ ಜನ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಟಿಕ್ ಬಿದ್ದ ಮಾತ್ರಕ್ಕೆ ಕ್ಯೂರಿಂಗ್ ಆಗಲ್ಲ ಅನ್ನೋದನ್ನು ಡ್ಯಾಶ್‌ಬೋರ್ಡ್ ಬರೆಯೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಾವೂ, ಅಂದ್ರೆ ಮನೆ ಕಟ್ಟಿಸೋ ಮಧ್ಯಮ ವರ್ಗದವರೂ, ಸಾಚಾ ಏನಲ್ಲ. "ಬಿಲ್ ಬೇಕಾದ್ರೆ 18% ಜಿಎಸ್‌ಟಿ ಆಗುತ್ತೆ ಸಾರ್" ಅಂದ ತಕ್ಷಣ "ಬಿಲ್ ಬೇಡ ಬಿಡಿ" ಅನ್ನೋರು ಯಾರು? ಎರಡು ಅಂತಸ್ತಿಗೆ ಪ್ಲಾನ್ ತಗೊಂಡು ಬಾಡಿಗೆ ಆಸೆಗೆ ಇನ್ನೊಂದು ಎಬ್ಬಿಸಿ ಅನ್ನೋರು ಯಾರು? ಅಕ್ರಮ-ಸಕ್ರಮ ಬಂದೇ ಬರುತ್ತೆ ಅಂತ ಕಾಯೋರು ಯಾರು? ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಡ್ತು, ಆದರೂ ಆ ಆಸೆ ಸತ್ತಿಲ್ಲ. ಬಿಲ್ ಇಲ್ಲದ, ಪ್ಲಾನ್ ಮೀರಿದ ಮನೆಯ ಯಜಮಾನ ಕಾಂಟ್ರ್ಯಾಕ್ಟರ್ ಮೇಲೆ ಕೇಸು ಹಾಕೋಕೆ ಹೆದರ್ತಾನೆ. ಕಾಂಟ್ರ್ಯಾಕ್ಟರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಸಣ್ಣ ಕಳ್ಳತನವೇ ಅವನ ದೊಡ್ಡ ಕಳ್ಳತನಕ್ಕೆ ಇನ್ಶೂರೆನ್ಸು.

ಹಾಗಾದ್ರೆ ಏನು ಬೇಕು? 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ರಾಜಾಜಿನಗರ, ವಿಜಯನಗರಕ್ಕೆ ಈಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಇದೆ. ಹೊಸ ಪಾಲಿಕೆ ಹೊಸ ಬೋರ್ಡು ಬರೆಸೋದ್ರ ಜೊತೆಗೆ ಈ ನಾಲ್ಕು ಕೆಲಸಕ್ಕೆ ಸರ್ಕಾರವನ್ನು ಒಪ್ಪಿಸಲಿ:

1. ಪ್ರತಿ ಪ್ಲಾನ್ ಮಂಜೂರಾತಿಯಲ್ಲಿ ಮಾಲೀಕ, ಇಂಜಿನಿಯರ್ ಜೊತೆಗೆ ಕಟ್ಟುವವನ ಹೆಸರು, ನೋಂದಣಿ ಸಂಖ್ಯೆ ಕಡ್ಡಾಯ. ಆ ಪಟ್ಟಿ ಎಲ್ಲರಿಗೂ ತೆರೆದಿರಲಿ, ಕನ್ನಡದಲ್ಲಿರಲಿ.
2. ನೋಂದಣಿಗೆ ಒಂದು ಠೇವಣಿ. ಗ್ರಾಹಕರ ಆಯೋಗದ ಆದೇಶ ಬಂದರೆ ಮೊದಲು ಅದರಿಂದ ವಸೂಲಿ.
3. ಅಡ್ವಾನ್ಸ್ 10% ದಾಟಬಾರದು. ಉಳಿದದ್ದು ಮುಗಿದ ಕೆಲಸಕ್ಕೆ ಮಾತ್ರ.
4. ರೇರಾದ ಆ 5 ವರ್ಷದ ಹೊಣೆ ಸ್ವಂತ ಮನೆ ಕಟ್ಟಿಸುವವನಿಗೂ ಸಿಗಲಿ.

ಇದಕ್ಕೆ ರಾಕೆಟ್ ಸೈನ್ಸ್ ಬೇಕಿಲ್ಲ. ಆಸ್ತಿ ತೆರಿಗೆಯನ್ನು ಆನ್‌ಲೈನ್ ಕಟ್ಟಿಸಿಕೊಳ್ಳೋ ಪಾಲಿಕೆಗೆ ಕಾಂಟ್ರ್ಯಾಕ್ಟರುಗಳ ಒಂದು ಪಟ್ಟಿ ಇಡೋದು ಕಷ್ಟವಾ? ನಮ್ಮ ಟೀಮಿನ ಇಬ್ಬರು ಫ್ರೆಶರ್‌ಗಳಿಗೆ ಕೊಟ್ಟರೆ ಒಂದು ತಿಂಗಳಲ್ಲಿ ಮಾಡಿ ಕೊಡ್ತಾರೆ.

ಅಲ್ಲಿಯವರೆಗೆ ಕಟ್ಟಿಸೋರು ಏನು ಮಾಡಬೇಕು? "ಲೈಸೆನ್ಸ್" ಅನ್ನೋ ಪದಕ್ಕೆ ಮರುಳಾಗಬೇಡಿ. ಅವನು ಈಗ ಕಟ್ಟುತ್ತಿರೋ ಮನೆ ನೋಡಬೇಡಿ, ಐದು ವರ್ಷದ ಹಿಂದೆ ಕಟ್ಟಿದ ಮನೆ ನೋಡಿ. ಜೋರು ಮಳೆ ಬಂದ ಮಾರನೇ ದಿನ ಆ ಮನೆಯವರನ್ನು ಮಾತಾಡಿಸಿ. ಅಗ್ರಿಮೆಂಟಿನಲ್ಲಿ ಕಂಬಿಯ ದರ್ಜೆ, ಕಾಂಕ್ರೀಟಿನ ದರ್ಜೆ, ಅಳತೆಗೆ ಬಾಲ್ಕನಿ, ಸಜ್ಜಾ, ಹೆಡ್‌ರೂಮ್ ಸೇರುತ್ತೋ ಇಲ್ಲವೋ ಎಲ್ಲಾ ಬರೆಸಿ. ಚದರಡಿಗೆ 2000 ಅಂತಿಟ್ಟುಕೊಂಡರೆ, ಲೆಕ್ಕಕ್ಕೆ ಬಾರದ 150 ಚದರಡಿ ಆಮೇಲೆ ಸೇರಿದ್ರೆ 3 ಲಕ್ಷ ಹೋಯ್ತು. ಬ್ಯಾಂಕು ಲೋನನ್ನು ಹಂತ ಹಂತವಾಗಿ ಕೊಡುತ್ತೆ, ನೀವೂ ಹಾಗೇ ಕೊಡಿ. ಸ್ಟ್ರಕ್ಚರಲ್ ಇಂಜಿನಿಯರ್ ನಿಮ್ಮ ಕಡೆಯವರಾಗಿರಲಿ, ಕಾಂಟ್ರ್ಯಾಕ್ಟರ್ ಕಡೆಯವರಲ್ಲ. ಮೋಲ್ಡ್ ಹಾಕೋಕೆ ಮುಂಚೆ ಅವರು ಬಂದು ಕಂಬಿ ನೋಡಿ ಸಹಿ ಹಾಕಲಿ. ಕ್ಯೂಬ್ ಹಾಕಿಸಿ 28ನೇ ದಿನಕ್ಕೆ ಲ್ಯಾಬಿನಲ್ಲಿ ಒಡೆಸಿ ನೋಡಿ, ಒಟ್ಟು ಖರ್ಚಿನಲ್ಲಿ ಅದು ಏನೂ ಅಲ್ಲ. ಕೊನೆಯ 5% ಹಣ ಒಂದು ಮಳೆಗಾಲ ಕಳೆಯೋವರೆಗೂ ನಿಮ್ಮ ಹತ್ತಿರವೇ ಇರಲಿ. ಇದಕ್ಕೆ ಒಪ್ಪದ ಕಾಂಟ್ರ್ಯಾಕ್ಟರಿಗೆ ಕೈ ಮುಗಿದು ಕಳಿಸಿ.

ಆದರೆ ಇದನ್ನೆಲ್ಲ ಒಬ್ಬೊಬ್ಬರೇ ಮಾಡಬೇಕಾಗಿರೋದೇ ಅನ್ಯಾಯ. ರಿಟೈರಾದ ಮೇಷ್ಟ್ರೊಬ್ಬರು ಅರವತ್ತನೇ ವಯಸ್ಸಿನಲ್ಲಿ ಐಎಸ್ 456 ಓದಬೇಕಾ? ಬಸ್ಸು ಹತ್ತೋವಾಗ ನಾವು ಡ್ರೈವರ್‌ಗೆ ಪರೀಕ್ಷೆ ಇಡಲ್ಲ, ಯಾರೋ ಇಟ್ಟಿದ್ದಾರೆ ಅನ್ನೋ ಭರವಸೆ ಮೇಲೆ ಕಣ್ಣು ಮುಚ್ಚಿ ಕೂರ್ತೀವಿ. ತಲೆ ಮೇಲಿನ ಸೂರಿಗೂ ಅಷ್ಟೇ ಭರವಸೆ ಕೇಳೋದು ದುರಾಸೆಯಾ? "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದ್ದನ್ನೇ ಹಿಡ್ಕೊಂಡು, ಕಷ್ಟ ಪಡೋದು ಹಣೆಬರಹ ಅಂತ ಸುಮ್ಮನಿದ್ದೀವಿ. ಮದುವೆಗಾದ್ರೂ ಈಗ ನೋಂದಣಿ ಇದೆ ಸ್ವಾಮಿ!

ಮನೆ ಕಟ್ಟಿಸಿದವರು, ಕಟ್ಟಿಸ್ತಿರೋರು, ಸಿವಿಲ್ ಇಂಜಿನಿಯರ್ ಗೆಳೆಯರು ಬರೀರಿ. ನಾನು ಕೇಳಿರೋ ನಾಲ್ಕರಲ್ಲಿ ಯಾವುದು ನಡೆಯಲ್ಲ, ಯಾಕೆ ನಡೆಯಲ್ಲ ಹೇಳಿ. ಜಗಳಕ್ಕೂ ರೆಡಿ. ಆದರೆ "ನಮ್ಮ ದೇಶ ಇಷ್ಟೇ ಬಿಡಿ" ಅಂತ ಮಾತ್ರ ಬರೀಬೇಡಿ, ಅದನ್ನು ಕೇಳಿ ಕೇಳಿ ಸಾಕಾಗಿದೆ.